ದೋಣಿಯವನ ಮಗಳು ಲೀನಾ: ಒಂದು ತಿದ್ದುಪಡಿ

ಹೋದ ವಾರ ಶುಕ್ರವಾರ ಬೆಳಿಗ್ಗೆ ಮೂರ್ನಾಡಿನಿಂದ ಪೊನ್ನಪ್ಪನ ಫೋನು.

“ಭಾನುವಾರ ಫ್ರೀ ಮಾಡ್ಕೊ ಮಾರಾಯ. ನೀನು ಸಾಕ್ಷಿ ಹೇಳ್ಬೇಕು.”

ನಮ್ಮ ಜಿಲ್ಲೆಯಲ್ಲಿ ಸಾಕ್ಷಿ ಅಂದರೆ ಸಾಮಾನ್ಯವಾಗಿ ಬೇಲಿ, ದಾರಿ ಅಥವಾ ಜಾಗದ ಪಾಲು. ನಾನು ಎದುರಿಗಿದ್ದ ಪ್ರೂಫ್ ಪಕ್ಕಕ್ಕಿಟ್ಟು ಕೇಳಿದೆ, “ಯಾವ ಕೇಸು?”

“ಲೀನಾ ಕೇಸು.”

“ನಿನ್ನ ಮಗಳಿಗೆ ಏನಾಯ್ತು?”

“ನನ್ನ ಮಗಳದ್ದಲ್ಲ. ದೋಣಿಯವನ ಮಗಳದ್ದು.”

ನನ್ನ ಟೀ ಅಲ್ಲೇ ಆರಿಹೋಯಿತು. ಇಪ್ಪತ್ತೆರಡು ವರ್ಷ ಈ ಫೋನು ಬಂದೀತು ಅಂತ ಹೆದರಿಕೊಂಡಿದ್ದೆ ಅಂದರೆ ಅದು ಸುಳ್ಳಾಗುತ್ತದೆ. ನಿಜ ಏನೆಂದರೆ, ನಾನು ಆ ಹುಡುಗಿಯನ್ನು ಮರೆತೇಬಿಟ್ಟಿದ್ದೆ.

ಮೊದಲಿಂದ ಹೇಳುತ್ತೇನೆ.

ಆಗ ನಾನು ಮೂರ್ನಾಡಿನಲ್ಲಿ ಬಾಡಿಗೆ ರೂಮು ಹಿಡಿದಿದ್ದ ಹೊಸ ವರದಿಗಾರ. ನನ್ನ ಊರು ಕುಶಾಲನಗರದ ಕಡೆ, ನನ್ನ ಅಜ್ಜ ಹಾಸನದಿಂದ ಬಂದು ನೆಲೆ ನಿಂತವರು. ಬಸ್ ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಶಂಸುವಿನ ಕಂಪ್ಯೂಟರ್ ಸೆಂಟರ್. ಬೆಳಿಗ್ಗೆ, ಸಂಜೆ ಟೈಪಿಂಗ್ ಕ್ಲಾಸು. ಮಧ್ಯಾಹ್ನ ಎರಡರಿಂದ ನಾಲ್ಕು ಖಾಲಿ. ಆ ಎರಡು ಗಂಟೆ ನಾವು ಮೂವರು, ಅಂದರೆ ಶಂಸು, ಮೋಟರ್ ವೈಂಡಿಂಗ್ ಕಲಿಯುತ್ತಿದ್ದ ಪೊನ್ನಪ್ಪ ಮತ್ತು ನಾನು, ಒಂದು ವಿಡಿಯೊ ಗೇಮ್ ಆಡುತ್ತಿದ್ದೆವು.

ಗೇಮಿನ ಹೆಸರು ಬರೆಯುವುದಿಲ್ಲ. (ಜಾಹೀರಾತು ವಿಭಾಗದವರು ಬಿಲ್ ಕಳಿಸಿಯಾರು.) ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ನೀವೇ ಒಂದು ಪಾತ್ರವಾಗಿ ಊರೂರು ಸುತ್ತಬೇಕು, ಸಿಕ್ಕಿದವರನ್ನು ಮಾತಾಡಿಸಬೇಕು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ನಾವು ಆಡಿದ್ದು ಅದರ ಒಂದನೇ ಭಾಗ, ಮೂರನೇ ಭಾಗ ಈಗ ಬಂದಿದೆ. ಒಂದನೆಯದು ಮೇಲೋ, ಮೂರನೆಯದು ಮೇಲೋ ಅಂತ ಆಡುವವರೆಲ್ಲ ಕಿತ್ತಾಡುತ್ತಿದ್ದಾರೆ. ಎರಡನೆಯದರ ಸುದ್ದಿ ಯಾರೂ ಎತ್ತುವುದಿಲ್ಲ. (ಮೂರು ಮಕ್ಕಳಲ್ಲಿ ನಾನೂ ನಡುವಿನವನೇ. ಅರ್ಥವಾಗುತ್ತದೆ.)

ಆಗ ನಮ್ಮಲ್ಲಿ ಕೆಲಸ ಹಂಚಿಕೆಯಾಗಿತ್ತು. ಪೊನ್ನಪ್ಪನದು ಕೀಬೋರ್ಡು. ಶಂಸುವಿನದು ಸಲಹೆ. ನನ್ನದು ಅನುವಾದ. ಗೇಮಿನವರು ಮಾತಾಡುತ್ತಿರಲಿಲ್ಲ, ಅವರ ಮಾತು ಇಂಗ್ಲಿಷಿನಲ್ಲಿ ಸ್ಕ್ರೀನಿನ ಕೆಳಗೆ ಮೂಡುತ್ತಿತ್ತು. ಪೊನ್ನಪ್ಪನ ಮನೆಮಾತು ಕೊಡವ, ಶಂಸುವಿನದು ಮಲಯಾಳಂ, ಮೂವರಿಗೂ ಸೇರಿದ್ದು ಕನ್ನಡ. ನಾನು ಪೇಪರಿನವನು. ಹಾಗಾಗಿ ಇಂಗ್ಲಿಷ್ ಬರುತ್ತದೆ ಎಂದು ಅವರಿಬ್ಬರೂ ನಂಬಿದ್ದರು.

ನನಗೆ ಬರುತ್ತಿರಲಿಲ್ಲ. ಪಿಯುಸಿವರೆಗೂ ಕನ್ನಡ ಮೀಡಿಯಂ. ಅದನ್ನು ಹೇಳಿಕೊಳ್ಳಲು ನಾಚಿಕೆ. ಅರ್ಧ ಓದಿ, ಅರ್ಧ ಊಹಿಸಿ ಹೇಗೋ ಸಾಗಿಸುತ್ತಿದ್ದೆ.

ಒಂದು ದಿನ ಹೊಳೆ ಬಂತು. ದಡದಲ್ಲಿ ದೋಣಿ, ದೋಣಿಯಲ್ಲಿ ಒಬ್ಬ ಮುದುಕ. ಪೊನ್ನಪ್ಪ ಹತ್ತಲು ಹೋದರೆ ದೋಣಿ ಕದಲಲಿಲ್ಲ. ಸ್ಕ್ರೀನಿನ ಕೆಳಗೆ ನಾಲ್ಕು ಸಾಲು ಬಂತು. ಹಳೇ ಕಾಲದ, ಬಾಯಿಗೆ ಸಿಗದ ಇಂಗ್ಲಿಷ್. ನನಗೆ ತಿಳಿದದ್ದು ‘ನೀರು’ ಅನ್ನುವ ಒಂದೇ ಪದ.

“ಏನಂತೆ?” ಪೊನ್ನಪ್ಪ ಕೇಳಿದ.

ನಾನು ಸ್ಕ್ರೀನಿನ ಹತ್ತಿರ ಬಗ್ಗಿದೆ.

“ಏನಂತೆ ಮಾರಾಯ?”

“ಮಗಳಿಗೆ ಕಾಯ್ತಿದ್ದಾನಂತೆ,” ಅಂದೆ. “ನೀರು ದಾಟಿ ಹೋದವಳು ವಾಪಸ್ ಬಂದಿಲ್ವಂತೆ.”

“ಹೆಸರು?”

ಯಾರಾದರೂ ಹೆಸರು ಕೇಳುತ್ತಾರಾ? ಪೊನ್ನಪ್ಪ ಕೇಳಿದ. ನಾನು ಕಿಟಕಿಯ ಕಡೆ ನೋಡಿದೆ. ಕೆಳಗೆ ವಿರಾಜಪೇಟೆಯ ಬಸ್ಸು ನಿಂತಿತ್ತು. ಹಣೆಯ ಮೇಲೆ ಅದರ ಹೆಸರು.

“ಲೀನಾ,” ಅಂದೆ.

“ಪಾವಂ, ಪಾಪ ಮುದುಕ,” ಅಂದ ಶಂಸು. “ಬರಿಗೈಲಿ ದೋಣಿ ಹತ್ತಿದ್ರೆ ಹ್ಯಾಗೆ? ಮಗಳು ಬಂದ್ರೆ ತಿನ್ನೋಕೆ ಏನಾದ್ರೂ ಇಟ್ಟು ಹೋಗು.”

ಪೊನ್ನಪ್ಪ ಚೀಲ ಬಿಚ್ಚಿ ಐದು ಬ್ರೆಡ್ಡು ತೆಗೆದು ದಡದ ಮೇಲಿಟ್ಟ.

ದೋಣಿ ಹೊರಟಿತು.

ನೀವು ನನ್ನ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ? ನನ್ನ ಸುಳ್ಳನ್ನು ಗೇಮೇ ಒಪ್ಪಿಕೊಂಡುಬಿಟ್ಟಿತ್ತು! ಒಂದು ಗಳಿಗೆ ನನಗೇ ಅನುಮಾನ ಬಂತು, ನಿಜವಾಗಿಯೂ ಲೀನಾ ಇದ್ದಾಳೇನೋ ಅಂತ.

ಅಲ್ಲಿಂದ ಮುಂದೆ ಪೊನ್ನಪ್ಪ ಒಂದು ಸಲವೂ ಬ್ರೆಡ್ಡು ಇಡದೆ ಆ ಹೊಳೆ ದಾಟಲಿಲ್ಲ. ಆ ಗೇಮಿನಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ದಡದ ಮೇಲೆ ಬ್ರೆಡ್ಡಿನ ಗುಡ್ಡೆ. ಪ್ರತಿ ಸಲವೂ ಪೊನ್ನಪ್ಪ ಕೇಳುತ್ತಿದ್ದ, ‘ಏನಂತೆ?’ ಪ್ರತಿ ಸಲವೂ ನಾನು ಏನಾದರೂ ಹೇಳಬೇಕಿತ್ತು. ಲೀನಾ ಉಪ್ಪು ತರಲು ಹೋಗಿದ್ದು. ಲೀನಾಳ ಕಾಲಿಗೆ ಬೆಳ್ಳಿಯ ಗೆಜ್ಜೆ ಇದ್ದದ್ದು. ಲೀನಾಗೆ ನೀರು ಕಂಡರೆ ಭಯ, ಆದರೂ ದಾಟಿದ್ದು.

ಆಟದ ಕೊನೆಯ ದಿನ ಮತ್ತೆ ಅದೇ ದಡ. ಈ ಸಲ ಬ್ರೆಡ್ಡು ಇಡುವ ಮೊದಲೇ ದೋಣಿ ಹೊರಟಿತು. ಪೊನ್ನಪ್ಪ ಗಾಬರಿಯಾದ. “ಏನಂತೆ?”

ಅಷ್ಟರಲ್ಲಿ ನಾನೊಂದು ಡಿಕ್ಷನರಿ ಕೊಂಡಿದ್ದೆ. ಮುದುಕ ಏನು ಹೇಳಿದ ಅಂತ ನನಗೆ ಅರ್ಥವಾಗಿತ್ತು. ಆದರೂ ಹೇಳಿದೆ, “ಲೀನಾ ಬಂದ್ಲಂತೆ.”

ಶಂಸು ಎದ್ದು ಹೋಗಿ ಮೂವರಿಗೂ ಟೀ ತಂದ.

ಮೊದಲ ಸುಳ್ಳು ಗೊತ್ತಿಲ್ಲದೆ ಹೇಳಿದ್ದು. ಕೊನೆಯದು ಗೊತ್ತಿದ್ದೇ ಹೇಳಿದ್ದು. ಓದುಗರು ಎರಡನ್ನೂ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಬಹುದು.

ಎರಡು ವರ್ಷದ ಮೇಲೆ ಪೊನ್ನಪ್ಪನಿಗೆ ಮಗಳು ಹುಟ್ಟಿದಳು. ಹೆಸರಿಡುವ ಊಟಕ್ಕೆ ನಾನೂ ಹೋಗಿದ್ದೆ. ತೊಟ್ಟಿಲ ಪಕ್ಕ ನಿಂತು ಪೊನ್ನಪ್ಪ ನನ್ನ ಕಿವಿಯಲ್ಲಿ, “ಲೀನಾ ಅಂತ ಇಟ್ಟಿದ್ದೀನಿ, ಯಾಕೇಂತ ನಿಂಗೊತ್ತಲ್ಲ” ಅಂದ. ನಾನು ತಲೆಯಾಡಿಸಿ ಊಟಕ್ಕೆ ಕೂತೆ.

ಭಾನುವಾರ ಮೂರ್ನಾಡಿಗೆ ಹೋದೆ. ಪೊನ್ನಪ್ಪನ ವೈಂಡಿಂಗ್ ಅಂಗಡಿಯ ತುಂಬ ಎಸ್ಟೇಟುಗಳಿಂದ ಬಂದ ಪಂಪಿನ ಮೋಟರುಗಳು. ಈ ವರ್ಷ ಕಾಫಿ ಹೂ ಬಿಡಿಸುವ ಹೂಮಳೆ ಸರಿಯಾಗಿ ಬೀಳಲಿಲ್ಲ, ಎಲ್ಲರಿಗೂ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಅವಸರ. ಆದರೂ ಅವತ್ತು ಕೆಲಸ ಬಂದ್. ವಾರ್ನಿಷ್ ವಾಸನೆಯ ನಡುವೆ ಮೇಜು ಒರೆಸಿ ಲ್ಯಾಪ್‌ಟಾಪ್ ಇಟ್ಟಿದ್ದರು. ಶಂಸು ಅಮ್ಮತ್ತಿಯಿಂದ ಬಂದಿದ್ದ, ಅವನಿಗೀಗ ಅಲ್ಲಿ ಬೇಕರಿ. ಬಿಕಾಂ ಓದುತ್ತಿರುವ ಲೀನಾ ಕೈಕಟ್ಟಿ ನಿಂತಿದ್ದಳು.

ವಿಷಯ ಇಷ್ಟು. ಮಗಳು ಅಪ್ಪನನ್ನು ಗೇಮ್ ಆಡುವವರ ಒಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದ್ದಳು. ಮೂರನೇ ಭಾಗ ಮುಗಿಸಿದ ಪೊನ್ನಪ್ಪ ಅಲ್ಲಿ ಬರೆದ: ‘ಒಂದನೆಯದರ ಕಾಲಿನ ಧೂಳಿಗೂ ಇದು ಸಮ ಇಲ್ಲ. ಲೀನಾಳನ್ನೇ ತೆಗೆದುಹಾಕಿದ್ದಾರೆ.’ ಕೂಡಲೇ ಉತ್ತರ ಬಂತು, ‘ಯಾವ ಲೀನಾ?’ ಪೊನ್ನಪ್ಪ ಇಡೀ ಕತೆ ಬರೆದ, ಉಪ್ಪು, ಗೆಜ್ಜೆ ಸಮೇತ. ಆಮೇಲೆ ನಗು ಶುರುವಾಯಿತು. ‘ಅಂಕಲ್, ನೀವು ಒಂದನೇ ಭಾಗ ನಿಜಕ್ಕೂ ಆಡಿದ್ದೀರಾ?’ ‘ಅಂಕಲ್ಲಿಗೆ ಕನಸು ಬಿದ್ದಿದೆ.’

ಅದನ್ನೂ ತಡೆದುಕೊಳ್ಳುತ್ತಿದ್ದನೇನೋ. ಆದರೆ ಲೀನಾ ಒಂದು ವಾರ ಕೂತು ಒಂದನೇ ಭಾಗವನ್ನು ಪೂರ್ತಿ ಆಡಿದಳು. ತನ್ನ ಹೆಸರಿನವಳನ್ನು ಹುಡುಕಿಕೊಂಡು. ಮುಗಿಸಿ ಅಪ್ಪನಿಗೆ ಹೇಳಿದಳು, “ನೀವು ಸುಳ್ಳು ಹೇಳಿದ್ದೀರಿ.”

ಮೂರು ದಿನದಿಂದ ಮನೆಯಲ್ಲಿ ಅಪ್ಪ ಮಗಳ ಮಾತಿಲ್ಲ.

“ಮೂರನೆಯದೇ ಬೆಸ್ಟ್ ಅಂಕಲ್,” ಲೀನಾ ನನಗೆ ವಿವರಿಸಿದಳು. “ಎಲ್ಲರೂ ಬಾಯಿಬಿಟ್ಟು ಮಾತಾಡ್ತಾರೆ. ದಾರಿ ತಪ್ಪೋ ಹಾಗಿಲ್ಲ. ನಾವು ಮಾಡಿದ ತಪ್ಪು ಮುಂದೆ ನಮ್ಮನ್ನೇ ಹುಡುಕ್ಕೊಂಡು ಬರುತ್ತೆ.”

(ನಾನು ಕೂತ ಜಾಗ ಸ್ವಲ್ಪ ಸರಿಸಿಕೊಂಡೆ.)

“ಎಂತ ಬೆಸ್ಟು?” ಪೊನ್ನಪ್ಪ ನನ್ನ ಕಡೆ ನೋಡಿಯೇ ಹೇಳಿದ, ಮಗಳ ಕಡೆ ಅಲ್ಲ. “ಬಟನ್ ಒತ್ತಿದ್ರೆ ಆಚೆ ದಡ. ಚೀಲಕ್ಕೆ ಭಾರ ಇಲ್ಲ. ಎಲ್ಲರೂ ಮಾತಾಡ್ತಾರಂತೆ, ದೋಣಿಯವನು ಮಾತ್ರ ಮೂಗ. ಯಾರಿಗೂ ಯಾರೂ ಕಾಯೋದಿಲ್ಲ.”

“ಇಬ್ರೂ ಸರಿ,” ಅಂದ ಶಂಸು, ರಸ್ಕಿನ ಪೊಟ್ಟಣ ಬಿಚ್ಚುತ್ತ. “ನನ್ನ ಬೇಕರೀಲೂ ಇದೇ ಗಲಾಟೆ. ಮೊದಲಿನ ಬನ್ನಿನ ರುಚಿ ಈಗಿಲ್ಲ ಅಂತಾರೆ. ಅದೇ ಹಿಟ್ಟು, ಅದೇ ಕೈ.”

ವಾದ ಎಲ್ಲ ಕಡೆ ಒಂದೇ ಅಲ್ಲವೇ? ಮೊದಲಿನ ಹೆಡ್‌ಮಾಸ್ಟರು, ಮೊದಲಿನ ಹೋಟೆಲಿನ ದೋಸೆ, ಮೊದಲಿನ ಹಾಕಿ ಟೀಮು. ಹೋಲಿಸುವಾಗ ನಾವು ದೋಸೆಯ ಜೊತೆ ಅದನ್ನು ಯಾರ ಪಕ್ಕ ಕೂತು ತಿಂದೆವು ಅನ್ನುವುದನ್ನೂ ತಕ್ಕಡಿಗೆ ಹಾಕಿಬಿಡುತ್ತೇವೆ. ಮೂರನೇ ಭಾಗ ಮಾಡಿದವರಿಗೆ ಪಾಪ, ಶಂಸುವಿನ ಮಹಡಿ ಎಲ್ಲಿ ಗೊತ್ತು?

“ನೀನು ಪೇಪರಿನವನು,” ಪೊನ್ನಪ್ಪ ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದ. “ಓದಿದ್ದು ನೀನೇ. ಇವಳಿಗೆ ಹೇಳು.”

ಸ್ಕ್ರೀನಿನಲ್ಲಿ ಅದೇ ಹೊಳೆ, ಅದೇ ದೋಣಿ, ಅದೇ ಮುದುಕ. ನಾನು ನೆನಪಿಟ್ಟುಕೊಂಡದ್ದಕ್ಕಿಂತ ತುಂಬ ಚಿಕ್ಕವನು, ನನ್ನ ಹೆಬ್ಬೆರಳಿನಷ್ಟು. ಕೆಳಗೆ ನಾಲ್ಕು ಸಾಲು.

“ಏನಂತೆ?” ಅಂದ ಪೊನ್ನಪ್ಪ.

ಪೇಪರಿನಲ್ಲಿ ತಿದ್ದುಪಡಿ ಬರೆಯುವುದು ನನ್ನ ಕೆಲಸಗಳಲ್ಲಿ ಒಂದು. ಒಳಪುಟದ ಕೆಳಗೆ, ಎರಡು ಸಾಲು, ವಿಷಾದ ಸಮೇತ. ಯಾರದೋ ತಪ್ಪಿಗೆ ನೂರಾರು ಸಲ ಬರೆದಿದ್ದೇನೆ. ನನ್ನ ತಪ್ಪಿಗೆ ಬಾಯಿ ತೆರೆಯಲು ಎಷ್ಟು ಹೊತ್ತು ಬೇಕು ಅಂತ ಅವತ್ತು ಗೊತ್ತಾಯಿತು.

“ನೀರು ಏರಿದೆ. ನಿನ್ನ ಚೀಲ ಭಾರ. ಸ್ವಲ್ಪ ಇಳಿಸದಿದ್ದರೆ ಇಬ್ಬರೂ ಮುಳುಗುತ್ತೇವೆ,” ಓದಿ ಹೇಳಿದೆ. “ಅಷ್ಟೇ ಇರೋದು ಪೊನ್ನಪ್ಪ. ಆವತ್ತೂ ಇದ್ದದ್ದು ಇಷ್ಟೇ. ನೀನು ಬ್ರೆಡ್ಡು ತೆಗೆದದ್ದಕ್ಕೆ ಭಾರ ಕಮ್ಮಿಯಾಗಿ ದೋಣಿ ಹೋಯ್ತು. ಕೊನೇ ದಿನ ನೀರು ಇಳಿದಿತ್ತು, ಭಾರದ ಲೆಕ್ಕ ಇರ್ಲಿಲ್ಲ. ಮಗಳು ಇಲ್ಲ. ನಾನು ಕಟ್ಟಿ ಹೇಳಿದ್ದು.”

ರಸ್ತೆಯಲ್ಲಿ ಒಂದು ಜೀಪು ಹೋಯಿತು.

ಮೊದಲು ನಕ್ಕದ್ದು ಶಂಸು. “ಎಡಾ ಕಳ್ಳ! ಆವತ್ತು ನಂಗೆ ಕಣ್ಣಲ್ಲಿ ನೀರು ಬಂದಿತ್ತಲ್ಲೋ!”

ಪೊನ್ನಪ್ಪ ನಗಲಿಲ್ಲ. “ಗೆಜ್ಜೆ?”

“ಅದೂ.”

“ಬಂದ್ಲು ಅಂದದ್ದು?”

“ಅದೂ ನಾನೇ.”

ಲೀನಾ ಕೈಕಟ್ಟಿದ್ದನ್ನು ಬಿಟ್ಟಳು. ಅಪ್ಪನ ಮುಖ ನೋಡಿದಳು. “ಸಾರಿ ಅಪ್ಪ,” ಅಂದಳು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದಳು. “ಮತ್ತೆ ನನ್ನ ಹೆಸರು? ಅದೆಲ್ಲಿಂದ ಬಂತು ಅಂಕಲ್?”

ಬಸ್ಸಿನ ವಿಷಯ ಹೇಳಿದೆ. ಎರಡು ಗಂಟೆಯ, ವಿರಾಜಪೇಟೆಯ ಬಸ್ಸು.

“ಬಸ್ಸಾ?”

“ಆ ಬಸ್ಸಾ?” ಪೊನ್ನಪ್ಪ ಮೊದಲ ಸಲ ದನಿ ಎತ್ತಿದ. “ಒಂದಿನಾನೂ ಟೈಮಿಗೆ ಬಂದದ್ದಿಲ್ವಲ್ಲ ಅದು!”

“ಅದಕ್ಕೇ ಇವಳೂ ಹೀಗೆ,” ಅಂದ ಶಂಸು. “ಕಾಲೇಜಿಗೆ ದಿನಾ ಲೇಟು ಅಂತ ನೀನೇ ಹೇಳಿದ್ದೆಯಲ್ಲ.”

ಲೀನಾ ನಗಬೇಕೋ ಬೇಡವೋ ಅಂತ ಒಂದು ಗಳಿಗೆ ನೋಡಿ, ನಕ್ಕಳು. ಪೊನ್ನಪ್ಪ ಎದ್ದು ಹೋಗಿ ಒಂದು ಮೋಟರಿನ ಪಕ್ಕ ನಿಂತ. ತಾಮ್ರದ ತಂತಿಯ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಆಮೇಲೆ ಫೋನ್ ತೆಗೆದು ಗ್ರೂಪಿಗೆ ಬರೆದ. ನಮಗೂ ಓದಿ ಹೇಳಿದ: ‘ಲೀನಾ ಗೇಮಿನಲ್ಲಿ ಇರಲಿಲ್ಲ. ನನ್ನ ತಪ್ಪು.’

“ತಪ್ಪು ನನ್ನದು. ನನ್ನ ಹೆಸರು ಹಾಕು,” ಅಂದೆ.

“ನಿನ್ನದನ್ನು ನೀನು ನಿನ್ನ ಪೇಪರಲ್ಲಿ ಹಾಕು.”

ಅದಕ್ಕೇ ಈ ವಾರದ ಅಂಕಣ. ಆ ಗ್ರೂಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಪೊನ್ನಪ್ಪನಿಗೆ ಕನಸು ಬಿದ್ದಿರಲಿಲ್ಲ. ಅವನು ತನಗೆ ಹೇಳಿದ್ದನ್ನು ಹಾಗೇ ಹೇಳಿದ. ಹೇಳಿದವನು ನಾನು. ವಿಷಾದಿಸುತ್ತೇನೆ.

ಬರೆಯಬೇಕಾದದ್ದು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಇನ್ನೊಂದು ನಡೆಯಿತು.

ಲೀನಾ ಲ್ಯಾಪ್‌ಟಾಪಿನಲ್ಲಿ ಮೂರನೇ ಭಾಗ ತೆರೆದಳು. ಬೆಳಕು, ನೀರಿನ ಹೊಳಪು, ದೂರದ ಗುಡ್ಡದ ಮಂಜು. ನೋಡಲು ಎಷ್ಟೋ ಪಾಲು ಚೆನ್ನ, ಒಪ್ಪಿಕೊಳ್ಳಲೇಬೇಕು. ಹೊಳೆಯ ದಡಕ್ಕೆ ಹೋಗಿ, “ಬನ್ನಿ ಅಪ್ಪ, ನೀವೇ ಆಡಿ,” ಅಂತ ಕುರ್ಚಿ ಬಿಟ್ಟುಕೊಟ್ಟಳು. ಪೊನ್ನಪ್ಪ ಬಂದು ಕೂತ. ದೋಣಿಯಲ್ಲಿ ಮುದುಕ ಸುಮ್ಮನೆ ನಿಂತಿದ್ದ.

ಪೊನ್ನಪ್ಪ ಬಟನ್ ಒತ್ತಲಿಲ್ಲ. ಸ್ವಲ್ಪ ಹೊತ್ತು ನೋಡಿ, ಈ ಸಲ ಮಗಳ ಕಡೆ ತಿರುಗಿ ಕೇಳಿದ, “ಏನಂತೆ?”

ಲೀನಾ ಸ್ಕ್ರೀನಿನ ಹತ್ತಿರ ಬಗ್ಗಿದಳು. ಅಕ್ಷರ ಓದುವವರ ಹಾಗೆ ಕಣ್ಣು ಕಿರಿದು ಮಾಡಿದಳು.

“ಮಗಳು ಬರ್ತಾ ಇದ್ದಾಳಂತೆ ಅಪ್ಪ,” ಅಂದಳು. “ಬಸ್ಸು ಲೇಟಂತೆ.”

ನಾನು ಬಾಗಿಲಿಂದಲೇ ನೋಡಿದೆ. ನನ್ನ ಇಂಗ್ಲಿಷ್ ಈಗ ಪರವಾಗಿಲ್ಲ. ಸ್ಕ್ರೀನಿನ ಮೇಲೆ ಒಂದಕ್ಷರವೂ ಇರಲಿಲ್ಲ.

ಇದಕ್ಕೂ ತಿದ್ದುಪಡಿ ಹಾಕಬೇಕೇ?