ಮಲಗಿದ್ದ ಬಾಗಿಲು

ಇಸ್ತ್ರಿಯಕ್ಕನ ಮನೆಗೆ ಬಾಗಿಲಿರಲಿಲ್ಲ. ಮನೆಯೊಳಗೆ ಮಾತ್ರ ಒಂದು ಬಾಗಿಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ದೊಡ್ಡ ಮನುಷ್ಯರಿಗೆಲ್ಲ ತಲೆ ಕೆಟ್ಟದ್ದು ಇಲ್ಲಿಯೇ.

ಆ ಬಾಗಿಲನ್ನು ತಂದವನು ಅವಳ ಗಂಡ. ಹಳೆ ಕಟ್ಟಡ ಕೆಡವುವ ಕೆಲಸ ಅವನದು. ಒಂದು ಸಂಜೆ ಯಾವುದೋ ಬಂಗಲೆಯ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಏದುಸಿರು ಬಿಡುತ್ತಾ ಬಂದ. ಹೊಸ್ತಿಲಿಗೆ ಹಾಕುತ್ತಾನೆಂದು ಓಣಿಯವರು ಅಂದುಕೊಂಡರೆ, ಅವನು ಅದನ್ನು ಅಡ್ಡ ಮಲಗಿಸಿ ಕೆಳಗೆ ನಾಲ್ಕು ಕಾಲು ಬಡಿದ. "ಕದ್ದುಕೊಂಡು ಹೋಗೋಕೆ ನಮ್ಮನೇಲಿ ಏನಿದೆ? ಕೆಲಸಕ್ಕೊಂದು ಮೇಜಾದ್ರೂ ಇರಲಿ," ಅಂದ. ಹೊಸ್ತಿಲಿಗೆ ಗೋಣಿತಟ್ಟಿನ ಪರದೆ ಬಂತು. ಬಾಗಿಲಿನ ಹಿಡಿ ಕಿತ್ತುಹೋದ ಜಾಗದಲ್ಲಿ ಒಂದು ತೂತು ಉಳಿದಿತ್ತು, ಅದರಲ್ಲಿ ನೀರು ಚಿಮುಕಿಸುವ ಬಟ್ಟಲು ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಗಂಡ ಸತ್ತುಹೋದ. ಮೇಜು ಅಲ್ಲಾಡಲಿಲ್ಲ.

ಈಗ ಆ ಒಂದೇ ಕೋಣೆಯಲ್ಲಿ ಇರುವವರು ಅಕ್ಕ ಮತ್ತು ಅವಳ ಅತ್ತೆ. ಅತ್ತೆಗೆ ಕೈ ನಡುಗುತ್ತಿತ್ತು, ನಾಲಿಗೆ ನಡುಗುತ್ತಿರಲಿಲ್ಲ. ದೊಡ್ಡ ಹಾಸುಬಟ್ಟೆಗಳನ್ನು ಮಡಿಸಲು ಇಬ್ಬರು ಬೇಕು. ಮುಂಚೆ ಇನ್ನೊಂದು ತುದಿಯನ್ನು ಗಂಡ ಹಿಡಿಯುತ್ತಿದ್ದ, ಆಮೇಲೆ ಗೋಡೆಗೆ ಬಡಿದ ಮೊಳೆ ಹಿಡಿಯತೊಡಗಿತು. ಮೊಳೆ ಎದುರಿಗೆ ನಡೆದು ಬರುವುದಿಲ್ಲವಾದ್ದರಿಂದ ಅಕ್ಕನೇ ಪ್ರತಿ ಮಡಿಕೆಗೂ ಗೋಡೆಯವರೆಗೆ ಹೋಗಿ ಬರಬೇಕಿತ್ತು.

ಹೀಗಿರುವಾಗ ಬಸ್ ನಿಲ್ದಾಣದ ಹಿಂದಿನ ಲಾಡ್ಜಿನ ಮ್ಯಾನೇಜರು ಒಂದು ಮಾತು ಹೇಳಿದ. ಅವನ ಬಳಿ ಇಸ್ತ್ರಿ ಯಂತ್ರ ಮಾರುವವರು ಬಂದು ಹೋಗುತ್ತಿದ್ದರು. "ಈ ಶನಿವಾರ ಸಂಜೆಯೊಳಗೆ ಎಲ್ಲಾ ಹಾಸುಬಟ್ಟೆ ಮಾಡಿಕೊಡಮ್ಮ. ಚೆನ್ನಾಗಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಯಂತ್ರ ತಗೋತೀನಿ, ಬೇಜಾರು ಮಾಡ್ಕೋಬಾರ್ದು." ಖಾಯಂ ಎಂಬ ಮಾತು ಕೇಳಿ ಅಕ್ಕನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮಾರನೆಯ ದಿನವೇ ಸಮಿತಿ ಬಂತು.

ಬಡತನದ ಕಾರಣ ಪತ್ತೆ ಹಚ್ಚುವ ಸಮಿತಿ ಅದು. ಇಡೀ ಊರಿನಲ್ಲಿ ಒಂದು ಮಾದರಿ ಬಡಮನೆಯನ್ನು ಆರಿಸಿ, ಅಲ್ಲಿಯೇ ಕೂತು, ಕಾರಣ ಸಿಕ್ಕ ಮೇಲೆ ಪರಿಹಾರವನ್ನೂ ಅಲ್ಲಿಯೇ ಮಾಡಿ ತೋರಿಸಬೇಕೆಂದು ಅದಕ್ಕೆ ಅಪ್ಪಣೆಯಾಗಿತ್ತು. ಅಕ್ಕನ ಮನೆಯನ್ನು ಆರಿಸಿದ್ದು ಅಲ್ಲಿಯವರೆಗೆ ಕಾರು ಹೋಗುತ್ತದೆ ಎಂಬ ಕಾರಣಕ್ಕೆ. ಅದಕ್ಕಿಂತ ಬಡವರು ಓಣಿಯ ಒಳಗೆ ಬೇಕಾದಷ್ಟಿದ್ದರು, ಆದರೆ ಅಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ.

ನಿಜ ಹೇಳಬೇಕೆಂದರೆ ಅಕ್ಕ ಬೀಗಿದಳು. ನಲ್ಲಿಯ ಹತ್ತಿರ ಕೊಡ ಇಟ್ಟು, "ನಮ್ಮನೇನೇ ಮಾದರಿ ಅಂತೆ," ಎಂದು ಸೆರಗು ಸರಿಮಾಡಿಕೊಂಡಳು. ಓಣಿಗೆ ಹೊಟ್ಟೆ ಉರಿಯಿತು. ಪಕ್ಕದ ಮನೆಯ ತಗಡಿನ ಕೆಲಸದವನಂತೂ ತನ್ನ ಛಾವಣಿಯ ತೂತುಗಳನ್ನು ತೋರಿಸಿ, "ಇವಳಿಗಿಂತ ನಾನು ಎಷ್ಟೋ ಪಾಲು ಬಡವ! ಯಾರ ಶಿಫಾರಸಿನ ಮೇಲೆ ಇವಳಾದಳು?" ಎಂದು ಜಗಳಕ್ಕೇ ಬಂದ.

ಸಮಿತಿಯಲ್ಲಿ ಮೂವರಿದ್ದರು. ತೂಕದ ಮೈಯ ಅಧ್ಯಕ್ಷರು, ಯಾವಾಗಲೂ ಮೂಗು ಒರೆಸಿಕೊಳ್ಳುವ ಪ್ರೊಫೆಸರು, ಯಾರ ಮಾತನ್ನೂ ಒಪ್ಪದ ಒಬ್ಬ ಮೇಡಂ. ಬಂದವರು ತಮ್ಮ ಕುರ್ಚಿಗಳನ್ನು ತಾವೇ ತಂದರು, ಫ್ಲಾಸ್ಕು ಇಡಲು ಒಂದು ಹೆಚ್ಚಿನ ಕುರ್ಚಿಯನ್ನೂ ತಂದರು. ಕಾಗದಪತ್ರ ಹರಡಲು ಮಾತ್ರ ಜಾಗ ಬೇಕಿತ್ತು. ಮೇಜಿತ್ತಲ್ಲ, ಹರಡಿದರು. ಅಕ್ಕನ ಇಸ್ತ್ರಿಪೆಟ್ಟಿಗೆ ಮೂಲೆಯಲ್ಲಿ ಕೂತಿತು, ಇದ್ದಿಲು ತಣ್ಣಗಾಯಿತು. ಬೆಳಗಿನಿಂದ ಸಂಜೆಯವರೆಗೆ ಅವಳು ಗೋಡೆಗೊರಗಿ ನಿಂತು ಅವರು ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದಳು. ಮೂರನೆಯ ದಿನ ಮೇಡಂ ಕಾರಣ ಕಂಡುಹಿಡಿದರು.

"ನಾನು ಗಮನಿಸ್ತಾ ಇದ್ದೀನಿ. ಈಯಮ್ಮ ಇಡೀ ದಿನ ಸುಮ್ನೆ ನಿಂತಿರ್ತಾರೆ. ಕೆಲಸಾನೇ ಮಾಡಲ್ಲ!"

ಅಕ್ಕನ ಪಿತ್ತ ನೆತ್ತಿಗೇರಿತು. ಆದರೂ ಮಾದರಿಯ ಮರ್ಯಾದೆ ನೆನೆದು ಸೆರಗು ಸರಿಮಾಡಿಕೊಂಡಳು. ಮೂಲೆಯಿಂದ ಅತ್ತೆಯೇ ಗೊಣಗಿದಳು: "ಮೇಜಿನ ಮೇಲೆ ನೀವು ಮಲಗಿದ್ರೆ ಅವಳು ನಿಮ್ಮ ಬೆನ್ನ ಮೇಲೆ ಇಸ್ತ್ರಿ ಹಾಕ್ಬೇಕಾ?"

ಆ ಮಾತಿಗೆ ಪ್ರೊಫೆಸರು ಮೇಜಿನ ಕಡೆ ಬಗ್ಗಿ ನೋಡಿದರು. ನೋಡಿದವರು ಕಾಗದ ಸರಿಸಿದರು, ಬಟ್ಟಲು ಎತ್ತಿದರು, ತೂತಿನಲ್ಲಿ ಬೆರಳಿಟ್ಟರು. ಅವರ ಮುಖ ಅರಳಿತು.

"ಇದು ಮೇಜಲ್ಲ, ಬಾಗಿಲು! ಅಧ್ಯಕ್ಷರೇ, ಇವರಿಗೆ ಬಾಗಿಲಿದೆ, ಆದ್ರೆ ಮಲಗಿಸಿಟ್ಟಿದ್ದಾರೆ. ಸಂಪತ್ತು ಇಲ್ಲದೆ ಬಡವರಾಗಿದ್ದಲ್ಲ, ಇರೋ ಸಂಪತ್ತನ್ನ ಅಡ್ಡ ಇಟ್ಟು ಬಡವರಾಗಿದ್ದು."

ಮೊದಲ ಸಲ ಮೇಡಂ ಕೂಡ ಒಪ್ಪಿದರು. ಬಾಗಿಲಿಲ್ಲದ ಮನೆಯಲ್ಲಿ ಉಳಿತಾಯ ಹೇಗೆ ನಿಲ್ಲುತ್ತದೆ? ಶಿಸ್ತು ಹೇಗೆ ಬರುತ್ತದೆ? ಪರಿಹಾರ ಅಷ್ಟು ಸುಲಭವಾಗಿ, ಖರ್ಚೇ ಇಲ್ಲದೆ, ಬಡಮನೆಯ ಒಳಗಿಂದಲೇ ಸಿಕ್ಕಿದ್ದಕ್ಕೆ ಅಧ್ಯಕ್ಷರ ಕಣ್ಣು ಒದ್ದೆಯಾಯಿತು.

"ಸ್ವಾಮಿ, ಶನಿವಾರದ ತನಕ ಬಿಡಿ. ಲಾಡ್ಜಿನ ಬಟ್ಟೆ ಬಂದಿದೆ," ಎಂದು ಅಕ್ಕ ಅಂಗಲಾಚಿದಳು.

"ಶನಿವಾರಾನೇ ಉದ್ಘಾಟನೆ ಕಣಮ್ಮ. ನಿಮ್ಮ ಒಳ್ಳೇದಕ್ಕೇ ತಾನೇ ಮಾಡ್ತಿರೋದು?" ಎಂದರು ಅಧ್ಯಕ್ಷರು.

ಬಡಗಿ ಬಂದ. ಮೇಜಿನ ನಾಲ್ಕು ಕಾಲುಗಳನ್ನೂ ಕತ್ತರಿಸಿ ಒಗೆದ. ಗೋಣಿಪರದೆ ತೆಗೆದು, ಹೊಸ್ತಿಲಿಗೆ ಚೌಕಟ್ಟು ಹಾಕಿ, ಬಾಗಿಲನ್ನು ತಿರುಪು ಬಿಗಿದು ಕೂರಿಸಿದ. ಗಂಡ ಬಡಿದಿದ್ದ ಕಾಲುಗಳು ಸೌದೆಯ ಹಾಗೆ ಬಿದ್ದಿದ್ದನ್ನು ಕಂಡು ಅಕ್ಕನಿಗೆ ಅಳು ಬಂತು. ಅತ್ತೆ ಅವುಗಳನ್ನು ಆರಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ಮಗ ಮಲಗಿಸಿ ಹೋದದ್ದನ್ನ ಇವರು ಎಬ್ಬಿಸಿ ನಿಲ್ಲಿಸಿಬಿಟ್ಟರಲ್ಲೇ," ಅಂದಳು. ಅಕ್ಕ ನೆಲದ ಮೇಲೆ ಕಂಬಳಿ ಹಾಸಿ ಇಸ್ತ್ರಿ ಹಾಕಿ ನೋಡಿದಳು. ನೆಲದ ಉಬ್ಬುತಗ್ಗೆಲ್ಲ ಹಾಸುಬಟ್ಟೆಗೆ ಇಳಿಯಿತು, ಸೊಂಟ ಹಿಡಿದುಕೊಂಡಿತು. ಶನಿವಾರ ಮಧ್ಯಾಹ್ನವಾದರೂ ರಾಶಿ ಹಾಗೆಯೇ ಇತ್ತು.

ಉದ್ಘಾಟನೆ ಮಾತ್ರ ಸುಸೂತ್ರವಾಗಿ ನಡೆಯಿತು. ಅಕ್ಕನನ್ನೂ ಅತ್ತೆಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಓಣಿಗೆ ಸಾಗಿಸಿ, ಕೆಂಪು ಪಟ್ಟಿ ಕತ್ತರಿಸಿ ಅಧ್ಯಕ್ಷರು, ಪ್ರೊಫೆಸರು, ಮೇಡಂ ಒಳಗೆ ಹೋದರು. ಬಾಗಿಲು ಹಾಕಿದರೆ ಮನೆಗೆ ಎಂಥ ಭದ್ರತೆ ಬರುತ್ತದೆಂದು ತೋರಿಸಲು ಒಳಗಿನಿಂದ ಎಳೆದರು. ಸ್ವಲ್ಪ ಬಿಗಿಯಿತ್ತು. ಅಧ್ಯಕ್ಷರು ತಮ್ಮ ತೂಕವನ್ನೆಲ್ಲ ಹಾಕಿ ಎಳೆದರು. ಧಡ್ ಎಂದು ಮುಚ್ಚಿಕೊಂಡಿತು. ಹೊರಗೆ ಚಪ್ಪಾಳೆ ಬಿತ್ತು.

ಆಮೇಲೆ ಅದು ತೆರೆಯಲಿಲ್ಲ. ವರ್ಷಗಟ್ಟಲೆ ಚಿಮುಕಿಸಿದ ನೀರು ಕುಡಿದ ಮರ ಚೌಕಟ್ಟನ್ನು ಕಚ್ಚಿ ಹಿಡಿದಿತ್ತು. ಹಿಡಿಕೆ ಮೊದಲೇ ಇರಲಿಲ್ಲ. ಕಿಟಕಿಯೂ ಇಲ್ಲದ ಕೋಣೆ. ಸ್ವಲ್ಪ ಹೊತ್ತಿನಲ್ಲಿ ತೂತಿನಲ್ಲಿ ಅಧ್ಯಕ್ಷರ ಬಾಯಿ ಕಾಣಿಸಿತು.

"ಬಡಗೀ! ಬಿಚ್ಚಯ್ಯ ಇದನ್ನ!"

ಬಡಗಿ ತಲೆ ಕೆರೆದುಕೊಂಡ. "ಕೂರಿಸೋಕೆ ಹೇಳಿದ್ರಿ, ಕೂರಿಸಿದೆ ಸಾರ್. ಬಿಚ್ಚೋಕೆ ಸಮಿತಿ ಪೂರ್ತಿ ಒಪ್ಪಬೇಕು. ಹೋದ ಸಲ ಒಬ್ಬರ ಮಾತು ಕೇಳಿ ಕೂಲಿ ಕಳ್ಕೊಂಡೆ."

ಒಳಗೆ ಸಭೆ ಸೇರಿತು. ಅದು ಹೊರಗೆ ಚೆನ್ನಾಗಿ ಕೇಳಿಸುತ್ತಿತ್ತು. ಅಧ್ಯಕ್ಷರು ಬಿಚ್ಚಬೇಕೆಂದರು. ಪರಿಹಾರವನ್ನು ಅದೇ ದಿನ ಕಿತ್ತರೆ ಕಾರಣವೇ ಸುಳ್ಳಾಗುತ್ತದೆಂದು ಪ್ರೊಫೆಸರು ಸೀನಿದರು. ಮೇಡಂ ಇಬ್ಬರನ್ನೂ ಒಪ್ಪಲಿಲ್ಲ. ಬಡಗಿ ಬೀಡಿ ಹಚ್ಚಿದ. ತಗಡಿನವನು, "ನನ್ನ ಮನೆ ಆರಿಸಿದ್ರೆ ಛಾವಣಿಯಿಂದಾನೇ ಆಚೆ ಬರಬಹುದಿತ್ತು," ಎಂದು ಲೊಚಗುಟ್ಟಿದ.

ಅಕ್ಕನಿಗೆ ನಗುವಷ್ಟು ಪುರುಸೊತ್ತಿರಲಿಲ್ಲ. ಲಾಡ್ಜಿನ ಹಾಸುಬಟ್ಟೆಗಳೆಲ್ಲ ಒಳಗಿದ್ದವು, ಬಿಸಿಲು ಇಳಿಯುತ್ತಿತ್ತು. ಖಾಯಂ ಎಂಬ ಆ ಮಾತು ಕಣ್ಣೆದುರೇ ಜಾರಿಹೋಗುತ್ತಿತ್ತು. ಅವಳು ಓಣಿಯಲ್ಲೇ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಿ, ಬೀಸಿ ಕೆಂಪಗೆ ಮಾಡಿ, ತೂತಿನ ಹತ್ತಿರ ಬಗ್ಗಿದಳು.

"ಸಾರ್, ನಾನು ಬಿಚ್ಚಲಾ? ತಿರುಪುಗಳು ಈ ಕಡೆಗೇ ಇವೆ. ಆದ್ರೆ ಬಿಚ್ಚಿದ ಮೇಲೆ ಬಾಗಿಲು ನಾನು ಹೇಳಿದ ಕಡೆ ಮಲಗಬೇಕು."

"ಮಲಗಲಿ ತಾಯೀ! ನಾವೇ ಬೇಕಾದ್ರೆ ಮಲಗ್ತೀವಿ!"

ಮೇಡಂ ಕೂಡ ಒಳಗಿನಿಂದ "ಒಪ್ಪಿಗೆ" ಎಂದು ಕೂಗಿದರು. ಅಕ್ಕ ಬಡಗಿಯ ಚೀಲದಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ತಿರುಪು ಬಿಚ್ಚಿದಳು. ತಗಡಿನವನು ಹಾರೆ ತಂದು ಮೀಟಿದ. ಬಾಗಿಲು ಬಿತ್ತು, ಅದರ ಹಿಂದೆ ಅಧ್ಯಕ್ಷರು ಬಿದ್ದರು. ಮೂವರೂ ಬೆವರಿನಲ್ಲಿ ತೊಯ್ದು ಹೋಗಿದ್ದರು.

ಅವಳು ಅವರನ್ನು ದಾಟಿ ಒಳಗೆ ಹೋಗಿ, ಸಮಿತಿಯ ನಾಲ್ಕು ಕುರ್ಚಿಗಳನ್ನು ಎಳೆದು ಎದುರುಬದುರಾಗಿಟ್ಟಳು. ತಗಡಿನವನೂ ಬಡಗಿಯೂ ಬಾಗಿಲನ್ನು ಎತ್ತಿ ಕುರ್ಚಿಗಳ ಮೇಲೆ ಮಲಗಿಸಿದರು. ಬಟ್ಟಲು ತೂತಿನಲ್ಲಿ ಕೂತಿತು. ಇಸ್ತ್ರಿಪೆಟ್ಟಿಗೆ ಹಾಸುಬಟ್ಟೆಯ ಮೇಲೆ ಸುಂಯ್ ಎಂದು ಹರಿಯಿತು. ಆ ಸದ್ದಿಗೆ ಅಕ್ಕನ ಜೀವಕ್ಕೆ ಹಾಯೆನಿಸಿತು.

ಪ್ರೊಫೆಸರೂ ಮೇಡಮೂ ವಾದ ಮಾಡುತ್ತಾ ಕಾರಿನ ಕಡೆ ಹೋದರು. ಅಧ್ಯಕ್ಷರಿಗೆ ಮಾತ್ರ ಹೋಗಲು ಮನಸ್ಸಾಗಲಿಲ್ಲ. ತಮ್ಮ ಕುರ್ಚಿ ಬಾಗಿಲಿನ ಕೆಳಗಿದ್ದುದರಿಂದ ಕೂರಲೂ ಆಗದೆ, ಅವಳ ಹಾಗೆಯೇ ಗೋಡೆಗೊರಗಿ ನಿಂತರು. ಅವಳು ಹಾಸುಬಟ್ಟೆಯ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸುವುದು, ಹಿಂದೆ ಸರಿಯುವುದು, ಮತ್ತೆ ಗೋಡೆಗೆ ಬರುವುದು, ಎಲ್ಲವನ್ನೂ ನೋಡಿದರು. ಕೊನೆಗೆ, ಇಷ್ಟು ದಿನ ಅವಳನ್ನೇ ಕೇಳದಿದ್ದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು.

"ಅಲ್ಲಮ್ಮ, ನಿಮ್ಮ ಪ್ರಕಾರ ನಿಮ್ಮ ಬಡತನಕ್ಕೆ ಕಾರಣ ಏನು?"

"ಆಮೇಲೆ ಹೇಳ್ತೀನಿ ಸಾರ್, ಕೆಲಸದ ಹೊತ್ತು. ಮೊದಲು ಆ ತುದಿ ಹಿಡ್ಕೊಳ್ಳಿ."

ಅವರು ಹಿಡಿದರು. ಸೊಟ್ಟಗೆ ಹಿಡಿದರು. "ಜಗ್ಗಿ," ಅಂದಳು ಅಕ್ಕ. ಜಗ್ಗಿದರು. "ಈಗ ನನ್ನ ಕಡೆ ಬನ್ನಿ." ಬಂದರು. ತುದಿಗೆ ತುದಿ ಕೂಡಿತು. ಅವಳು ಗೋಡೆಯವರೆಗೆ ಹೋಗಬೇಕಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಇನ್ನೊಂದು ತುದಿ ತಾನಾಗಿ ನಡೆದು ಬಂದದ್ದು ನೋಡಿ ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ರಾಶಿ ಮುಗಿಯಿತು. ತಗಡಿನವನು ಗಂಟನ್ನು ಹೊತ್ತು ಲಾಡ್ಜಿಗೆ ಓಡಿದ, ಬರುವಾಗ "ಸೋಮವಾರ ಇನ್ನೊಂದು ಗಂಟು ಬರುತ್ತಂತೆ!" ಎಂದು ಓಣಿಯ ಆ ತುದಿಯಿಂದಲೇ ಕೂಗಿದ.

ಅಧ್ಯಕ್ಷರು ಕೋಟು ಕೊಡವಿಕೊಂಡು ಹೊರಟು ನಿಂತರು. ಕುರ್ಚಿಗಳನ್ನು ನೋಡಿದರು, ಕೇಳಲಿಲ್ಲ. ಹೊಸ್ತಿಲಲ್ಲಿ ಮತ್ತೆ ಇಳಿಬಿಟ್ಟಿದ್ದ ಹಳೆಯ ಗೋಣಿಪರದೆಯನ್ನು ಸರಿಸುತ್ತಾ ತಿರುಗಿ, "ಆ ಕಾರಣ ಹೇಳ್ತೀನಿ ಅಂದ್ರಿ," ಅಂದರು.

ಅಕ್ಕ ಬಾಯಿ ತೆರೆಯುವ ಮೊದಲೇ, ಮೇಜಿನ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅತ್ತೆ ಮೂಲೆಯಿಂದ ಹೇಳಿದಳು: "ಸೋಮವಾರ ಬಾಪ್ಪಾ. ಹಾಸುಬಟ್ಟೆ ಬಹಳ ಇರುತ್ತೆ."