ಧನಪಾಲನ ಟರ್ಕಿ ಭಾಷೆ

ಮೋಟರ್ ರಿಪೇರಿಯ ಧನಪಾಲನಿಗೆ ಕೂತಲ್ಲಿ ಕೂರುವ ಜಾಯಮಾನವಿಲ್ಲ. ಬೆಳಿಗ್ಗೆ ಕಡೂರಿನಲ್ಲಿದ್ದರೆ ಮಧ್ಯಾಹ್ನ ಅಜ್ಜಂಪುರ, ಸಂಜೆಗೆ ತರೀಕೆರೆಯ ಮನೆ. ಈಚೆಗಂತೂ ಬಾಯಿಗೂ ಬಿಡುವಿಲ್ಲ. ಹೆಂಡತಿ ಕೋಮಲಾ ಮೊಬೈಲಿನಲ್ಲಿ ಟರ್ಕಿಯ ಧಾರಾವಾಹಿ ನೋಡುತ್ತಾಳೆ. ಅದರ ನಾಯಕ ಮಡದಿಯನ್ನು ‘ಜಾನಮ್’, ಅಂದರೆ ನನ್ನ ಜೀವ, ಎಂದು ಕರೆದಾಗ ಸೊಪ್ಪು ಸೋಸುವುದನ್ನೇ ಮರೆಯುತ್ತಾಳೆ. ಅದನ್ನು ಕಂಡ ದಿನದಿಂದ ಇವನು ಬೈಕಿನ ಮೇಲೆ, ಬಾವಿಕಟ್ಟೆಯ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟರ್ಕಿ ಪಾಠ ಒಪ್ಪಿಸುತ್ತಿರುತ್ತಾನೆ. ‘ಏನಪ್ಪಾ, ಮೋಟರ್ ಸುಟ್ಟೋಗೈತಾ?’ ಎಂದ ರೈತನಿಗೆ ‘ಸೆನಿ ಸೆವಿಯೊರುಮ್’ ಎಂದು ಬಾಯ್ತಪ್ಪಿ ಪ್ರೀತಿ ನಿವೇದಿಸಿ, ಅವನು ಕಕ್ಕಾಬಿಕ್ಕಿಯಾಗುವಷ್ಟರಲ್ಲಿ ಬೈಕ್ ಹತ್ತಿರುತ್ತಾನೆ. ಮನೆಯಲ್ಲಂತೂ ಈ ಭಾಷೆ ಅವನಿಗೆ ಭಾರಿ ಧೈರ್ಯ ಕೊಟ್ಟಿದೆ. ಹಜಾರದಲ್ಲಿ ಕೂತ ತಾಯಿ ಭಾಗಮ್ಮನ ಮುಂದೆ ಹೆಂಡತಿಯ ಹೆಸರೆತ್ತಲೂ ನಾಚಿ, ಇಷ್ಟು ವರ್ಷ ‘ಇಲ್ಲಿ ಕೇಳು’ ಎಂದೇ ಕರೆಯುತ್ತಿದ್ದವನು ಈಗ ತಾಯಿಯ ಎದುರಿಗೇ ‘ಜಾನಮ್, ನೀರು!’ ಎನ್ನುತ್ತಾನೆ, ಉಂಡೆದ್ದು ‘ಎಲಿನೆ ಸಾಲಕ್’ ಎಂದು ಅಡುಗೆ ಮಾಡಿದ ಕೈಯನ್ನು ಹರಸುತ್ತಾನೆ. ಕೋಮಲಾ ತುಟಿ ಕಚ್ಚಿ ನಗು ತಡೆಯುತ್ತಾಳೆ. ‘ಅದೇನೋ ಅದು?’ ಎಂದು ಭಾಗಮ್ಮ ಕೇಳಿದರೆ, ‘ಹೊಸ ಮೋಟರ್ ಹೆಸ್ರು ಕಣವ್ವ’. ಮೊನ್ನೆ ಅವನು ‘ಜಾನಮ್’ ಎಂದು ಕೂಗಿದಾಗ ಕೋಮಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಉತ್ತರ ಬರಲಿಲ್ಲ. ಬಾಗಿಲಿಗೂ ಹಜಾರಕ್ಕೂ ಚಡಪಡಿಸುತ್ತ ಓಡಾಡುತ್ತಿದ್ದವನಿಗೆ ಭಾಗಮ್ಮ, ಎಲೆಗೆ ಸುಣ್ಣ ಸವರುತ್ತ, ತಲೆ ಎತ್ತದೆ ಅಂದಳು: ‘ಇನ್ನೊಂದ್ಸಲ ಗಟ್ಟಿಯಾಗಿ ಕೂಗೋ. ನಿಮ್ಮಪ್ಪ ಸಾಯೋಗಂಟ ನನ್ನ ಯಾವ ಮೋಟರ್ ಹೆಸ್ರಲ್ಲೂ ಕರೀಲಿಲ್ಲ.’