ಅಂಗಳದ ಅಂಚಿನ ಕಾಮಕಸ್ತೂರಿ

ನಾನು ಚಿಕ್ಕವಳಿದ್ದಾಗ ನಾವು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಒಂದೇ ಸಾಲಿನಲ್ಲಿ ಹದಿನಾರು ಮನೆ, ಎಲ್ಲವೂ ಒಂದೇ ಅಚ್ಚು. ಸಂಜೆ ಕುಲುಮೆಯ ಬೆಳಕಿಗೆ ಆಕಾಶದ ಒಂದು ಮೂಲೆ ಕೆಂಪಾಗುತ್ತಿತ್ತು. ಮನೆಗಳೆಲ್ಲ ನೀರೊಳಗಿನ ನೆರಳಿನಂತೆ ತೇಲುತ್ತಿದ್ದವು. ಆ ಹೊತ್ತು ನನಗೆ ಬಲು ಇಷ್ಟ, ಕಣ್ಣು ಮಂದವಾಗಿದ್ದ ಅಜ್ಜಿಗೆ ಮಾತ್ರ ಕಷ್ಟ.

ಒಂದು ಸಂಜೆ ಅಜ್ಜಿ ಗುಡಿಯಿಂದ ಬರುತ್ತ ಪಕ್ಕದ ತಮಿಳರ ಮನೆ ಹೊಕ್ಕು, ಒಲೆಯ ಮುಂದೆ ಕೂತು, ಸಾರಿನ ರುಚಿಯನ್ನೂ ನೋಡಿಬಿಟ್ಟಳು. ಆ ಮನೆಯವರು ನಗುತ್ತಲೇ ಕೈಹಿಡಿದು ಕರೆತಂದರು. ಅಜ್ಜಿ ನಗಲಿಲ್ಲ.

“ಯಾರದೋ ಸಾರಿಗೆ ಉಪ್ಪು ಕಮ್ಮಿ ಅಂದೆನಲ್ಲ ಮಾರಾಯ್ತಿ! ನಾನು ಊರಿಗೆ ಹೋಗ್ತೀನಿ,” ಎಂದು ಟ್ರಂಕಿಗೆ ಸೀರೆ ತುಂಬತೊಡಗಿದಳು. ಅಜ್ಜಿ ಹೋದರೆ ನಾನು ಯಾರ ಪಕ್ಕ ಮಲಗಲಿ?

“ಒಂದು ತಿಂಗಳು ತಡಿ ಅಜ್ಜಿ. ನಮ್ಮನೆ ದೂರದಿಂದ್ಲೇ ಕಾಣೋ ಹಾಗೆ ಮಾಡ್ತೀವಿ,” ಎಂದಳು ಅಕ್ಕ.

ಭಾನುವಾರ ಅಪ್ಪ, ಅಕ್ಕ, ನಾನು ಮನೆ ಮುಂದಿನ ಪಾತಿಗೆ ಕೈಹಾಕಿದೆವು. ಅಂಚಿನಲ್ಲಿ ಹುಲ್ಲು ಮುಚ್ಚಿದ್ದ ಒಡಕು ಹೆಂಚುಗಳನ್ನು ಕಿತ್ತೆಸೆದು, ಹೊಳೆದಂಡೆಯ ಗುಂಡುಕಲ್ಲುಗಳನ್ನು ಬೀದಿಯಿಂದ ಬಾಗಿಲವರೆಗೆ ಎರಡೂ ಬದಿ ಜೋಡಿಸಿ ಸುಣ್ಣ ಬಳಿದೆವು. ಹಸಿ ಸುಣ್ಣದ ವಾಸನೆ, ಬೆರಳುಗಳ ಉರಿ ಇನ್ನೂ ನೆನಪಿದೆ. ಹೂವಿನ ಸಸಿ ಸಿಗದೆ, ಕಲ್ಲಿನ ಹಿಂದೆ ಹಿತ್ತಲಿನ ಕಾಮಕಸ್ತೂರಿಯನ್ನೇ ನೆಟ್ಟೆವು. ಮನೆಗೆ ಮದುವೆಯ ಕಳೆ ಬಂತು. ಅಜ್ಜಿ ಮಾತ್ರ ಟ್ರಂಕನ್ನು ಬಾಗಿಲ ಬಳಿಯೇ ಇಟ್ಟುಕೊಂಡಿದ್ದಳು.

ಚೆಂದದ್ದನ್ನು ಕಂಡು ಸುಮ್ಮನಿರುವವರಲ್ಲ ನಮ್ಮ ಸಾಲಿನವರು. ತಿಂಗಳು ತುಂಬುವುದರೊಳಗೆ ಉಳಿದ ಹದಿನೈದು ಮನೆಗೂ ಬಿಳಿ ಕಲ್ಲು, ಹಿಂದೆ ಚೆಂಡುಹೂವು! ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು.

ಅಂದು ಸಂಜೆ ಅಜ್ಜಿ ಒಬ್ಬಳೇ ಬರುತ್ತಿದ್ದಳು. ಕೂಗಿದರೆ ಅವಳಿಗೆ ಅವಮಾನ. ನಾನು ಬಾಗಿಲಲ್ಲೇ ನಿಂತೆ. ಅಜ್ಜಿ ಪಕ್ಕದ ಮನೆಯೆದುರು ತಡೆದು ನಿಂತಳು, ಮತ್ತೆ ಮುಂದೆ ಬಂದಳು. ದಾರಿಗೆ ಚಾಚಿದ್ದ ನಮ್ಮ ಗಿಡಗಳನ್ನು ಅವಳ ಸೀರೆಯ ನಿರಿಗೆ ಸವರಿತು. ಕಾಮಕಸ್ತೂರಿ ಘಮ್ಮೆಂದಿತು.

“ಇದೇ ನಮ್ಮನೆ,” ಎಂದುಕೊಂಡು ಸೀದಾ ಒಳಗೆ ಬಂದಳು. ನಾನು ಓಡಿಹೋಗಿ ತಬ್ಬಿಕೊಂಡೆ. ಟ್ರಂಕು ಮಂಚದಡಿ ಸೇರಿತು.

ಮಕ್ಕಳೇ, ಶಿವಮೊಗ್ಗದ ನಮ್ಮ ಈ ಮನೆಗೆ ನಂಬರಿದೆ, ಗೇಟಿಗೆ ದೀಪವಿದೆ, ದಾರಿ ಹೇಳಲು ನಿಮ್ಮ ಫೋನಿದೆ. ನಿನ್ನೆ ಅಂಗಳದ ಅಂಚಿಗೆ ಹೊಸ ಟೈಲ್ಸ್ ಕೂರಿಸಲೆಂದು ಗೇಟಿನ ಬಳಿಯ ಕಾಮಕಸ್ತೂರಿ ಗಿಡ ಕೀಳಹೊರಟಿರಿ, ನಾನು ಗದರಿದೆ. ಟೈಲ್ಸ್ ಚೆನ್ನಾಗಿದೆ, ಹಾಕಿ. ಗಿಡ ಮಾತ್ರ ಇರಲಿ. ಈಗ ನನ್ನ ಕಣ್ಣೂ ಮಂದವಾಗುತ್ತಿದೆ.